ಸೇಸಮ್ಮ, ಜೆಪ್ಪು

ಪೋಸ್ಟರಿನಲ್ಲಿ ಶಶಿಪ್ರಭಾ.
ನನ್ನ ಅಳತೆ ಪುಸ್ತಕದಲ್ಲಿ ಕೊನೆವರೆಗೂ
ಸೇಸಮ್ಮ, ಜೆಪ್ಪು.
ಎದೆ ಮೂವತ್ತು, ಸೊಂಟ ಇಪ್ಪತ್ತನಾಲ್ಕು, ತೋಳು ಐದೂವರೆ.
ಬಾಪನ ಕೈಬರಹ, ನೀಲಿ ಪೆನ್ಸಿಲು.
ಅಂಚಿನಲ್ಲಿ: ಬಾಕಿ ಎರಡು ರೂಪಾಯಿ.

ಆ ರವಕೆ ಅವಳಿಗೆಂದು ಹೊಲಿದದ್ದಲ್ಲ,
ಕಿನ್ನಿಯಣ್ಣನದು. ಒಂಬತ್ತು ವರ್ಷ ತಂಡದ ನಾಯಕಿ ಅವನೇ;
ಟೈಫಾಯ್ಡ್ ಬಂದು ವೆನ್ಲಾಕಿನಲ್ಲಿ ಮಲಗಿದ.
ಹಂಚಿನ ಕಾರ್ಖಾನೆಯಿಂದ ನೇರ ಬಂದ ಹುಡುಗಿ,
ರೆಪ್ಪೆಯ ಮೇಲೆ ಕೆಂಪು ಮಣ್ಣು,
ಬಂದರಿನ ನಮ್ಮ ಅಂಗಡಿಯ ಮೆಟ್ಟಿಲಲ್ಲೇ ನಿಂತಳು.
ಬಾಪ ಗಂಡಸಿನ ಎದೆಯ ಹತ್ತಿ ಕಿತ್ತು ತೆಗೆದರು,
ಭುಜದಲ್ಲಿ ಎರಡು ಬೆರಳು ಹಿಡಿದರು.
ನಾನು ಗುಂಡಿ ಹೊಲಿಯುವ ಹುಡುಗ, ತಲೆ ಎತ್ತಲಿಲ್ಲ.
ಎತ್ತಿದೆ, ಒಂದು ಸಲ.

ಆಸ್ಪತ್ರೆಯಿಂದ ಎದ್ದು ಬಂದ ಕಿನ್ನಿಯಣ್ಣ
ಹೆಂಗಸು ನಡೆಯುವುದು ಹೇಗೆಂದು ಅವಳಿಗೆ ಕಲಿಸಿದ.
ಅವಳು ನಕ್ಕಳಂತೆ: "ತಲೆ ಮೇಲೆ ಹನ್ನೆರಡು ಹಂಚಿಟ್ಟು
ನಡೆದು ನೋಡಣ್ಣ, ಸೊಂಟ ತಾನೇ ಬರ್ತದೆ."

ಆಮೇಲೆ ಪುಟಗಳು ತುಂಬಿದವು.
ಅಜ್ಜರಕಾಡಿಗೆ ಜರಿ, ಕಾರ್ಕಳಕ್ಕೆ ಕನ್ನಡಿ ಕೆಲಸ,
ಊರ ಹೋಟೆಲಿನವರು ಚಂದಾ ಎತ್ತಿ ಕರೆಸಿದ
ಬೊಂಬಾಯಿಯ ಆಟಕ್ಕೆ ಒಂದೇ ರಾತ್ರಿ ಆರು ರವಕೆ,
ಕಾಜಾ ಹಾಕಲಿಕ್ಕೆ ಪುರಸೊತ್ತಿಲ್ಲದೆ ಸೇಫ್ಟಿ ಪಿನ್ನು.
ಪ್ರತಿ ಸಲವೂ ಹೋಗುವಾಗ ತಿರುಗಿ ಹೇಳುವಳು:
"ಒಳಗೆ ಬಟ್ಟೆ ಬಿಡಿ ಮಾರಾಯ್ರೆ, ಬಿಚ್ಚಲಿಕ್ಕೆ ಬೇಕಾಗ್ತದೆ."

ಸಿನೆಮಾ, ಒಂದು.
ಮಲ್ಪೆಯಲ್ಲಿ ಹತ್ತೊಂಬತ್ತು ದಿನ ಬಿಸಿಲು, ಮೀನು ಬುಟ್ಟಿ,
ಬೆವರಿಗೆ ಬಣ್ಣ ಬಿಟ್ಟ ಹಸಿರು ರವಕೆ.
ಜ್ಯೋತಿ ಟಾಕೀಸಿನ ಕಪ್ಪು ಬಿಳುಪಿನಲ್ಲಿ
ನನ್ನ ಹಸಿರು ಬೂದಿಯಾಗಿ ಕಂಡಿತು. ಅವಳು ನಾಲ್ಕು ನಿಮಿಷ;
ಬಾಯಿ ತೆರೆದರೆ ಮದರಾಸಿನ ಯಾರದೋ ತೆಳು ದನಿ.
ಇಂಟರ್ವಲ್ಲಿನಲ್ಲಿ ಗೋಲಿಸೋಡ ಕುಡಿಯುತ್ತ ಅಂದಳು:
"ಬಾಯಿ ನನ್ನದು. ಬೈಗಳು ಯಾರದೋ."

ಮೂವತ್ತನಾಲ್ಕಕ್ಕೆ ತಾಯಿ ಮಾಡಿದರು ಅವಳನ್ನು.
ಮಗನಾದವನಿಗೆ ನಲವತ್ತೊಂದು, ಕೂದಲಿಗೆ ಬಣ್ಣ.
ಮೆನೇಜರು ಬಂದು, "ತೋಳು ಉದ್ದ ಇರಲಿ, ತಾಯಿಯಲ್ವ" ಎಂದ.
ಐದೂವರೆ ಹೊಡೆದು ಹಾಕಿ ಹತ್ತು ಬರೆದೆ.
ಅವಳು ಏನೂ ಅನ್ನಲಿಲ್ಲ,
ಟೇಪು ಹಿಡಿದ ನನ್ನ ಕೈ ನೋಡುತ್ತಿದ್ದಳು.
ಮದುವೆ? ವೇದಿಕೆಯಲ್ಲಿ ಇಪ್ಪತ್ತೇಳು ತಾಳಿ.
ಗಂಡಂದಿರೆಲ್ಲ ಪರದೆ ಬಿದ್ದದ್ದೇ
ಕೊನೆ ಬಸ್ಸು ತಪ್ಪುತ್ತದೆಂದು ಓಡಿದವರು.
ನನಗೂ ಆಗಲೇ ಮೂರು ಮಕ್ಕಳು.
ಅದು ಪುಸ್ತಕದಲ್ಲಿಲ್ಲ.

ವಿಧವೆ, ಅತ್ತೆ, ಸೀರಿಯಲ್ಲಿನಲ್ಲಿ ಹಾಸಿಗೆ ಹಿಡಿದ ಅಜ್ಜಿ,
ಮತ್ತೆ ಹದಿನಾಲ್ಕು ವರ್ಷ ಖಾಲಿ.
ಬೀಡಿ ಕಟ್ಟುತ್ತಾಳೆ ಎಂದರು ಯಾರೋ.
ಹೋಗಿ ಕೇಳಬಹುದಿತ್ತು. ಜೆಪ್ಪು ಏನು ದೂರವೇ?

ಹೋದ ನವೆಂಬರಿನಲ್ಲಿ ತಾನೇ ಬಂದಳು. ಪುರಭವನದಲ್ಲಿ ಸನ್ಮಾನ.
"ಹಳೇ ಅಳತೆ ಉಂಟಲ್ಲ?"
ಉಂಟು. ಆದರೂ ಟೇಪು ಹಿಡಿದೆ.
ಎದೆ ಮೂವತ್ತು. ತೋಳು ಎಷ್ಟಿಡಲಿ ಅಂದದ್ದಕ್ಕೆ, "ಐದೂವರೆ."
ಬಾಪನ ನೀಲಿಯ ಕೆಳಗೆ ಅದನ್ನೇ ಮತ್ತೆ ಬರೆದೆ.
ಬಾಕಿ ಎರಡು ರೂಪಾಯಿ ಉಂಟೆಂದೆ.
"ಇರಲಿ, ಬರುವ ಸಲಕ್ಕೆ."
ಒಳಗೆ ಬಟ್ಟೆ ಬಿಡಲು ಹೇಳಲಿಲ್ಲ. ಬಿಟ್ಟೆ.

ಶಾಲು ಹೊದೆಸಿದರು, ರವಕೆ ಯಾರಿಗೂ ಕಾಣಲಿಲ್ಲ.
ಅಧ್ಯಕ್ಷರು ಎರಡು ಸಲ ಶಶಿಕಲಾ ಎಂದರು.
ಮೈಕು ಕೈಗೆ ಬಂದಾಗ ಅವಳು
ಶಾಲು ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು,
ಹಳೆಯ ನಾಟಕದ ಬೈಗುಳೊಂದನ್ನು ತುಳುವಿನಲ್ಲಿ
ಬಲಗೈ ಇಡೀ ಎತ್ತಿ ಹೊಡೆದಳು, ತನ್ನದೇ ದಪ್ಪ ದನಿಯಲ್ಲಿ.
ಹಿಂದಿನ ಸಾಲು ಎದ್ದು ನಿಂತಿತು.
ಅವರು ಏನು ನೋಡಿದರೋ.
ನಾನು ಬಗಲಿನ ಹೊಲಿಗೆ ನೋಡುತ್ತಿದ್ದೆ.
ಬಿಡಲಿಲ್ಲ.