ಅಳತೆ ಪುಸ್ತಕ

ಕಂಕನಾಡಿ ಮಾರ್ಕೆಟಿನ ಹಿಂದೆ, ಮಹಡಿ ಮೆಟ್ಟಿಲಿನ ಅಡಿಯಲ್ಲಿ
ನನ್ನ ಅಂಗಡಿ. ಎರಡು ಮೆಷಿನು, ಒಂದು ಪರದೆ, ಒಂದು ಪುಸ್ತಕ.
ಪುಸ್ತಕದಲ್ಲಿ ಈ ಊರಿನ ನಾನ್ನೂರು ಹೆಂಗಸರ ಎದೆಯುಂಟು,
ಇಂಚಿನಲ್ಲಿ.
ಗಂಡಂದಿರಿಗೂ ಗೊತ್ತಿಲ್ಲದ ಲೆಕ್ಕ,
ರಾತ್ರಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ.

ಸೆವ್ರಿನ್ ಬಾಯಿಯ ಪುಟ ಎಲ್ಲಕ್ಕಿಂತ ಹಳತು.
ತೊಂಬತ್ತನೇ ಇಸವಿ, ಬ್ಯಾಂಕಿನ ಕ್ಯಾಶ್ ಕೌಂಟರು, ಮೂವತ್ತನಾಲ್ಕು.
ಪ್ರಾಯ ಅಲ್ಲ, ಎದೆ.
ಮಗಳು ಹುಟ್ಟಿದ ವರ್ಷ ಮೂವತ್ತೇಳು, ಮತ್ತೆ ಮೂವತ್ತಾರು,
ಆಮೇಲೆ ಇಳಿದದ್ದಿಲ್ಲ.
ನಲವತ್ತು. ನಲವತ್ತೆರಡು. ನಲವತ್ತನಾಲ್ಕು.
ಹಳೆಯ ಅಂಕಿಗೆ ಒಂದು ಗೆರೆ ಹೊಡೆದು
ಪಕ್ಕದಲ್ಲಿ ಹೊಸತು ಬರೆಯುತ್ತಿದ್ದೆ, ಸುಮ್ಮನೆ.
ದರ್ಜಿ ಬಾಯಿ ಬಿಟ್ಟರೆ
ಗಿರಾಕಿ ಅಂಗಡಿ ಬಿಡುತ್ತಾರೆ.

ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆ ಯಾವಾಗಲೂ ಉಳಿಸಿರುತ್ತೇನೆ.
"ಸ್ವಲ್ಪ ಬಿಚ್ಚಿ ಕೊಡು ವಾರಿಜಾ" ಎನ್ನುತ್ತಾರೆ.
ಬಿಚ್ಚಿ ಕೊಡುತ್ತೇನೆ.

ಹೋದ ಮೊಂತಿ ಹಬ್ಬದ ರವಿಕೆಗೆ ಅಳತೆ ಕೊಡಲು ಬಂದವರು
ಪರದೆಯ ಹಿಂದೆ ನನ್ನ ಕೈ ಹಿಡಿದು ಎಡ ಕಂಕುಳ ಬಳಿ ಇಟ್ಟರು.
"ಎಂತದು ಮಾರಾಯ್ತಿ ಇದು?"
ಅಸ್ತರಿನೊಳಗೆ ಜಾರಿ ಹೋದ ಗುಂಡಿಯ ಹಾಗೆ
ಬೆರಳಿಗೆ ಸಿಕ್ಕಿತು. ಸರಿಯಲಿಲ್ಲ.

ಗಂಡ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೊರಗೇ ಉಳಿದರು,
ಒಳಗೆ ಹೋದದ್ದು ನಾವಿಬ್ಬರು.
ಡಾಕ್ಟರು ಝೀನತ್, ಬಂಟ್ವಾಳ ಕಡೆಯ ಚಿಕ್ಕ ಹುಡುಗಿ,
ಅವಳ ಮೇಜಿನಲ್ಲೂ ಒಂದು ಅಳತೆ ಪುಸ್ತಕ.
ಮೊದಲು ಮುಟ್ಟಾದದ್ದು ಯಾವಾಗ?
ಹನ್ನೊಂದು ತುಂಬಿರಲಿಲ್ಲ. ಬಿಳಿ ಯೂನಿಫಾರ್ಮು, ಶುಕ್ರವಾರ,
ಗಂಟೆ ಹೊಡೆದರೂ ಬೆಂಚಿನಿಂದ ಏಳದೆ ಕೂತದ್ದು:
ಅಷ್ಟನ್ನೂ ಹೇಳಿದರು. ಡಾಕ್ಟರು ಅಂಕಿ ಮಾತ್ರ ಬರೆದುಕೊಂಡಳು.
ಮಗು? ಒಂದೇ, ಮೂವತ್ತೆರಡಕ್ಕೆ.
ಹಾಲು? ಮೂರು ತಿಂಗಳು, ರಜೆ ಇದ್ದದ್ದೇ ಅಷ್ಟು.
ಮತ್ತೆ ಕೌಂಟರಿನಲ್ಲಿ ನೋಟು ಎಣಿಸುವಾಗ ರವಿಕೆ ಒದ್ದೆಯಾಗುತ್ತಿತ್ತು
(ಅದು ನನಗೆ ಗೊತ್ತು, ಎರಡು ಪದರ ಅಸ್ತರು ಕೊಟ್ಟವಳು ನಾನು).
ನಿಂತದ್ದು ಐವತ್ತನಾಲ್ಕಕ್ಕೆ. ಆಮೇಲೆ ಮೈಯೆಲ್ಲ ಬೆಂಕಿ, ನಿದ್ದೆಯಿಲ್ಲ,
ಯಾರೋ ಒಮ್ಮೆ ಬರೆದುಕೊಟ್ಟ ಹಾರ್ಮೋನ್ ಗುಳಿಗೆ,
ಅದೇ ಮಾಸಿದ ಚೀಟಿ ತೋರಿಸಿ ತೋರಿಸಿ ಆರು ವರ್ಷ.

ಕೊನೆಗೆ ತೂಕ.
"ಮುಟ್ಟು ನಿಂತ ಮೇಲೆ ಅಂಡಾಶಯ ರಿಟೈರ್ ಆಗ್ತದೆ ಆಂಟಿ,
ಕೊಬ್ಬು ಆಗುದಿಲ್ಲ. ಅದು ಒಳಗೇ ಕೂತು
ಅದೇ ಹಾರ್ಮೋನು ಸ್ವಲ್ಪ ಸ್ವಲ್ಪ ಮಾಡ್ತಾ ಇರ್ತದೆ."
"ಹಾಗಾದ್ರೆ ನನ್ನದೇ ತಪ್ಪಾ?"
ಡಾಕ್ಟರು ಪೆನ್ನು ಕೆಳಗಿಟ್ಟಳು.
"ಸಪೂರ ಇದ್ದವರೂ ಇದೇ ಕುರ್ಚಿಯಲ್ಲಿ ಕೂರ್ತಾರೆ.
ಇದು ಅಪಾಯದ ಲೆಕ್ಕ, ತಪ್ಪಿನದ್ದಲ್ಲ."
ಮೂವತ್ತು ವರ್ಷ ಲೆಕ್ಕ ತಪ್ಪದ ಬಾಯಿ
ಮೊದಲ ಸಲ ಅತ್ತರು.

ಎಡದ್ದು ತೆಗೆದರು.
ಕೂದಲು ಈಗ ಬೆರಳಿಗೆ ಸಿಗುವಷ್ಟು ಬಂದಿದೆ.
ಹೊಸ ರವಿಕೆಯ ಎಡಕ್ಕೆ ಒಳಜೇಬು ಹೊಲಿದಿದ್ದೇನೆ,
ಅದಕ್ಕೊಂದು ಪುಟ್ಟ ದಿಂಬು, ಒಳಗೆ ಸಾಸಿವೆ.
ಹತ್ತಿ ಹಗುರ, ಹೆಗಲು ಒಂದು ಕಡೆ ವಾಲುತ್ತದೆ.
ದಿನಸಿ ಅಂಗಡಿಯ ತಕ್ಕಡಿಯಲ್ಲಿ ಮೂರು ಸಲ ತೂಗಿದೆ,
"ಒಗ್ಗರಣೆಗಾ?" ಕೇಳಿದ ಹುಡುಗ.
"ಹೌದು" ಅಂದೆ.

ಇವತ್ತು ತೊಟ್ಟು ನೋಡಿ, ಕನ್ನಡಿಯಲ್ಲಿ ಎರಡೂ ಬದಿ ತಿರುಗಿ,
ಸೆವ್ರಿನ್ ಬಾಯಿ ನನ್ನನ್ನು ನೋಡಿದರು.
"ನಿನ್ನ ಪುಟ ಎಲ್ಲುಂಟು ವಾರಿಜಾ?"
ಇಲ್ಲ.
ಮೆಷಿನಿಗೆ ಮೋಟಾರು ಹಾಕಿಸಿ ಹದಿನೈದು ವರ್ಷ,
ಅವತ್ತಿನಿಂದ ಕಾಲಿಗೆ ಕೆಲಸವಿಲ್ಲ.
ಮುಟ್ಟಿಲ್ಲದೆ ಎಂಟು ತಿಂಗಳು.
ಬಾಗಿಲಿಗೆ ಬಂದ ಬನ್ಸು ಬೇಡವೆಂದದ್ದೂ ಇಲ್ಲ.
ನನ್ನ ರವಿಕೆಗಳಲ್ಲಿ ಬಿಚ್ಚಲು ಇನ್ನು ಬಟ್ಟೆ ಉಳಿದಿಲ್ಲ,
ಇದನ್ನು ಯಾರಿಗೂ ಹೇಳಿರಲಿಲ್ಲ.

ಕುತ್ತಿಗೆಯಿಂದ ಟೇಪು ಎಳೆದುಕೊಂಡರು.
"ಕೈ ಎತ್ತು."
ತನ್ನ ಬೆನ್ನ ಹಿಂದೆ ಟೇಪು ನೇರ ಉಂಟಾ ಎಂದು
ತನಗೆ ಕಾಣುವುದಿಲ್ಲ, ಅದಕ್ಕೆ ಇನ್ನೊಬ್ಬಳು ಬೇಕು.
ಎದೆ. ಸೊಂಟ.
ನೋಟಿನ ಕಟ್ಟು ಎಣಿಸಿ ಮುಗಿಸಿದ ಸ್ವರದಲ್ಲಿ
ಎರಡು ಅಂಕಿ ಹೇಳಿದರು.
"ಬರೆ."

ಪೆನ್ನು ಕಾಣುತ್ತಿಲ್ಲ ಎಂದು
ಡ್ರಾಯರು, ನೂಲಿನ ಡಬ್ಬಿ, ಬಟ್ಟೆ ರಾಶಿ ಎಲ್ಲ ಹುಡುಕಿದೆ.
ಅದು ಕಿವಿಯ ಮೇಲೆಯೇ ಇತ್ತು.