ಎಲ್ಲಿಂದ ಮಾತಾಡ್ತಿದ್ದೀರಿ

ಎಕ್ಸ್‌ಟೆನ್ಶನ್ ಹಾಕಿಕೊಡ್ತೀನಿ ಆಂಟಿ, ಅಂದ
ಎರಡನೇ ಮಾಳಿಗೆಯ ಹೃಷಿಕೇಶ ಘಾಗ್.
ನನಗೆ ನಗು. ಹುಡುಗಾ,
ಬಲಾರ್ಡ್ ಪಿಯರಿನ ಹಡಗು ಕಂಪನಿಯಲ್ಲಿ
ಇಪ್ಪತ್ತೇಳು ವರ್ಷ ನಾನು ಕೊಟ್ಟದ್ದೆಲ್ಲ ಎಕ್ಸ್‌ಟೆನ್ಶನ್ನೇ.
ಇನ್ನೂರ ಹದಿನಾಲ್ಕು ಅಕೌಂಟ್ಸ್,
ಇನ್ನೂರ ಮೂವತ್ತು ಸಲ್ಡಾನಾ ಸಾಹೇಬರು,
ಒಂಬತ್ತು ಅಂದರೆ ಗೋದಾಮು, ಅಲ್ಲಿ ಯಾರೂ ಎತ್ತುವುದಿಲ್ಲ.

ಎದುರಿಗೆ ತೂತುಗಳ ಹಲಗೆ, ಎರಡು ಕೈಗೂ ದಾರ,
ಮಗ್ಗದ ಮುಂದೆ ಕೂತ ಹಾಗೆ ಕೂತು
ಈ ತೂತಿನ ದನಿಯನ್ನು ಆ ತೂತಿಗೆ ಪೋಣಿಸುತ್ತಿದ್ದೆ.
ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್.
ಪಿಪಿ ಕಾಲ್ ಅಂದರೆ ಇಂಥವರೇ ಬೇಕು,
ಬೇರೆ ಯಾರು ಲೈನಿಗೆ ಬಂದರೂ ಬೇಡ.
ಪಿಪಿ ಕೇಳುವವರ ಗಂಟಲು ಸ್ವಲ್ಪ ಒಣಗಿರುತ್ತಿತ್ತು.

ಈಗ ನನಗೂ ಇಂಥವರೇ ಬೇಕು:
ಗೋಡೆಯ ಬಿರುಕಲ್ಲಿ ಹುಟ್ಟಿದ ಗಿಡ ನೋಡುತ್ತ
ಬಸ್ಸು ತಪ್ಪಿಸಿಕೊಳ್ಳುವವರು.
ನಮ್ಮ ಘಾಟ್ಕೋಪರಿನ ಸಿ ವಿಂಗಿನಲ್ಲಿ
ಮೋರಿ ಪೈಪಿನ ಮೊಣಕೈಗೆ ಒಂದು ಅರಳಿ ಸಸಿ.
ಹನ್ನೊಂದು ಎಲೆ.
ಸೆಕ್ರೆಟರಿ ಠಕ್ಕರ್ ಆಸಿಡ್ ತರಿಸಿಟ್ಟಿದ್ದಾರೆ.
ಸೊಸೈಟಿ ಮೀಟಿಂಗಿನಲ್ಲಿ ಪಾಪ ಅನ್ನೋಣವೆಂದು ಬಾಯಿ ತೆರೆದೆ,
ಲೀಕೇಜ್ ಅಂದರು. ಮುಚ್ಚಿದೆ.

ಹೃಷಿ ಹೇಳಿದ: ಇಲ್ಲಿ ಒಂದೇ ದೊಡ್ಡ ಎಕ್ಸ್‌ಚೇಂಜ್ ಇಲ್ಲ ಆಂಟಿ,
ಎಲ್ಲ ಸಣ್ಣ ಸಣ್ಣವು. ಒಂದನ್ನು ಪಿಎಚ್‌ಡಿ ಮಾಡುವ ಹುಡುಗಿ ನಡೆಸ್ತಾಳೆ,
ಇನ್ನೊಂದು ಯಾರದೋ ಮಂಚದ ಕೆಳಗಿದೆ.
ಧಣಿ ಅಂತ ಯಾರೂ ಇಲ್ಲ,
ಅದಕ್ಕೇ ಯಾರು ಎಲ್ಲಿದ್ದಾರೆ ಗೊತ್ತಾಗೋದಿಲ್ಲ.
ಗೊತ್ತಾಗಿ ಹೋದರೆ ಬಾಗಿಲಲ್ಲೇ ಹೇಳ್ತಾರೆ, ನೀವು ಈ ಮನೆಯವರಲ್ಲ.
ಇದು ಹುಡುಕುತ್ತೆ. ಹುಡುಕಿ,
ನಿಮ್ಮ ಬಾಗಿಲಿಂದಲೇ ಅಲ್ಲಿಗೆ ದಾರಿ ಹಾಕುತ್ತೆ.

ಪರದೆಯ ಮೂಲೆಗೆ ಒಂದು ಗುಂಡಿ ಬಂತು,
ಕುಂಕುಮದ ಕರಡಿಗೆಯ ಮುಚ್ಚಳದಷ್ಟೂ ಇಲ್ಲ.
ಒತ್ತಿದೆ. ಎಲ್ಲಕ್ಕಿಂತ ಮೊದಲು ಅದು ಕೇಳಿತು:
ನಿಮ್ಮ ಮನೆ ಸರ್ವರ್ ಯಾವುದು?

ಅರೆ, ಇದು ನನ್ನ ಪ್ರಶ್ನೆ.
ದಿನಕ್ಕೆ ಮುನ್ನೂರು ಸಲ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ.
ಕನ್ನಡದಲ್ಲಿ ಒಂದೇ ಸಲ.
ಕಾರವಾರದ ಟ್ರಂಕ್, ಆ ಕಡೆ ಬರೀ ಉಸಿರು.
ಎಲ್ಲಿಂದ ಮಾತಾಡ್ತಿದ್ದೀರಿ, ಅಂದೆ.
ಇಟ್ಟುಬಿಟ್ಟರು.
ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ.
ಬೆರಳು ಕೀಲಿಯ ಮೇಲೆ ಸುಮಾರು ಹೊತ್ತು ಹಾಗೇ ಇತ್ತು.
ಕಡೆಗೆ ಹೃಷಿಯೇ ತುಂಬಿದ. ಕಲ್ವಾದಲ್ಲಿ ಅವನ ಗೆಳೆಯನ ಮನೆ,
ಫ್ರಿಜ್ಜಿನ ಪಕ್ಕದಲ್ಲಿ ನಾನಿದ್ದೇನಂತೆ.
ಅಲ್ಲಿ ಕರೆಂಟು ಹೋದರೆ ನನ್ನ ಮನೆಯೂ ಹೋಗುತ್ತದೆ.

ಗೋಡೆ, ಬಿರುಕು, ಗಿಡ,
ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹೊಡೆದೆ.
ಹಲಗೆಯಲ್ಲಿ ದೀಪ ಹತ್ತಿದ ಹಾಗೆ ಸಾಲು ಮೇಲೆ ಸಾಲು.
ಗೋಡೆಗೆ ಬಣ್ಣ ಬಳಿಯುವವರು, ಗೋಡೆ ಹತ್ತುವವರು,
ಎದೆ ಬಿರುಕು ಬಿಟ್ಟವರು, ಅವರೇ ನಲವತ್ತು ಸಾವಿರ.
ಎಲ್ಲರಿಗಿಂತ ಕೆಳಗೆ ಏಳು ಜನರ ಒಂದು ಗುಂಪು.
ಕಡೆಯ ಮಾತು ಹೋದ ದೀಪಾವಳಿಯದು.
ಒಂಬತ್ತನೇ ಎಕ್ಸ್‌ಟೆನ್ಶನ್ ನೆನಪಾಯಿತು,
ಗೋದಾಮಿನಲ್ಲಿ ಗಂಟೆ ಬಡಿದುಕೊಳ್ಳುತ್ತಲೇ ಇರುತ್ತಿತ್ತು.
ಆದರೂ ಫೋಟೋ ಹಾಕಿದೆ:
ಹನ್ನೊಂದು ಎಲೆ, ಪೈಪು,
ಠಕ್ಕರರ ಬನಿಯನ್ನು ಒಣಗುವ ತಂತಿಯ ಒಂದು ತುದಿ.

ಮೂರು ದಿನ ಏನಿಲ್ಲ.
ನಾಲ್ಕನೆಯ ದಿನ ಹಾಲು ಉಕ್ಕುವ ಹೊತ್ತಿಗೆ ಟಿಣ್ ಅಂತು.
ಯಾವ ದೇಶವೋ, ಮುಖದ ಜಾಗದಲ್ಲಿ ಒಂದು ಜರೀಗಿಡ.
ಪಾಪ ಅನ್ನಲಿಲ್ಲ, ಲೀಕೇಜ್ ಅನ್ನಲಿಲ್ಲ.
ಆ ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ಅಷ್ಟೇ.

ಮೂವತ್ತೊಂದು ವರ್ಷದಿಂದ ಈ ಮನೆಯಲ್ಲಿದ್ದೇನೆ.
ಬಿಸಿಲು ಎಷ್ಟೊತ್ತಿಗೆ ಬರುತ್ತದೆ ಗೊತ್ತು,
ಎಲ್ಲಿಂದ, ಗೊತ್ತಿಲ್ಲ.
ಲೈನಿನಲ್ಲೇ ಇರಿ, ಎಂದು ಬರೆದು
ಸ್ಟೋವ್ ಆರಿಸಿ
ಮೋರಿ ಕಿಟಕಿಯ ಗ್ರಿಲ್ಲಿಗೆ ಕೆನ್ನೆ ಒತ್ತಿ ನಿಂತೆ.