ಶೇಕಡಾ ತೊಂಬತ್ತೊಂಬತ್ತು

ಮಧ್ಯಾಹ್ನ ಮೂರೂವರೆಗೇ ಕತ್ತಲು.
ತಾರ್ತುವಿನಲ್ಲಿ ಡಿಸೆಂಬರ್ ಅಂದರೆ
ಯಾರೋ ದೀಪ ಆರಿಸಿ, ಬಾಗಿಲೆಳೆದುಕೊಂಡು ಹೋದ ಕೋಣೆ.
ನದಿ ಅರ್ಧ ಹೆಪ್ಪುಗಟ್ಟಿದೆ, ಅರ್ಧ ಇನ್ನೂ ಯೋಚಿಸುತ್ತಿದೆ.
ಪರದೆಯ ಮೇಲೊಂದು ಕೆಂಪು ಗೆರೆ:
ಲೇಯ್ದಾ ತಾಂಬೆರ್ಗ್, ನಿಮ್ಮ ಅಂಚೆಪೆಟ್ಟಿಗೆ
ಶೇಕಡಾ ತೊಂಬತ್ತೊಂಬತ್ತು ತುಂಬಿದೆ.

ಬ್ರೆಡ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವಳು ನಾನು.
ಒಂದು ಮೂಟೆ ಹಿಟ್ಟು ಆಚೀಚೆಯಾದರೆ ನಿದ್ದೆ ಹತ್ತುತ್ತಿರಲಿಲ್ಲ.
ಈಗ ನೋಡಿ:
ಹದಿನಾಲ್ಕು ಸಾವಿರದ ಇನ್ನೂರ ಆರು, ಓದದ ಪತ್ರ.
ಓದದ್ದು ಅನ್ನುವುದಕ್ಕಿಂತ
ಓದಲೆಂದು ಯಾರೂ ಬರೆಯದ್ದು.

ಚಹಾ ಇಟ್ಟುಕೊಂಡೆ. ತೋಳು ಮಡಿಸಿದೆ.
ಮೊದಲು ಬೂಟಿನ ಅಂಗಡಿ.
ಒಮ್ಮೆ, ಒಂದೇ ಒಮ್ಮೆ, ಮೊಮ್ಮಗಳಿಗೆ ಕೊಂಡಿದ್ದೆ.
ಅವಳ ಪಾದ ಬೆಳೆದು ಬೆಳೆದು ನನ್ನದನ್ನೂ ದಾಟಿತು,
ಅಂಗಡಿ ಮಾತ್ರ ಮೂವತ್ತೊಂದನೇ ನಂಬರಿನಲ್ಲೇ ನಿಂತು
'ಪ್ರಿಯ ಲೇಯ್ದಾ, ನೀವಿಲ್ಲದೆ ಬೇಸರ' ಅನ್ನುತ್ತದೆ.
ಒಡಹುಟ್ಟಿದ ತಂಗಿಗಿಲ್ಲ ಇಷ್ಟು ಬೇಸರ.
ಆರುನೂರ ಹನ್ನೆರಡು. ಎಲ್ಲ ಆಯ್ದೆ. ಅಳಿಸಿದೆ.
ಸದ್ದಿಲ್ಲ, ಹೊಗೆಯಿಲ್ಲ, ಚಿಟಿಕೆ ಬೂದಿ ಕೂಡ ಇಲ್ಲ.
ಇಷ್ಟು ಗುಡಿಸಿದ ಮೇಲೆ
ಪೊರಕೆಯ ತುದಿಗಾದರೂ ಧೂಳಿರಬೇಡವೇ?

ಹಲ್ಲಿನ ಡಾಕ್ಟರು. ವಿಮಾನದವರು.
ರೀಗಾದ ಹೋಟೆಲು: ಅಲ್ಲಿ ಮಲಗಿದ್ದು ಒಂದೇ ರಾತ್ರಿ,
ಅದೂ ಬಸ್ಸು ತಪ್ಪಿದ್ದಕ್ಕೆ.
ಕಿವಿಯ ಯಂತ್ರ ಮಾರುವವರು. ನನಗೆ ಎಪ್ಪತ್ತೊಂದಾಯಿತೆಂದು
ಇವರ ಕಿವಿಗೆ ಹಾಕಿದವರಾರು?
ಸತ್ತ ದೊರೆಯ ಚಿನ್ನದಲ್ಲಿ ಪಾಲು ಕೊಡುವ ವಕೀಲ.
ಹದಿನಾಲ್ಕು ವಿಭಕ್ತಿಯ ನಮ್ಮ ಭಾಷೆಯಲ್ಲಿ
ಮೊದಲೆಲ್ಲ ಹೆಜ್ಜೆಗೊಮ್ಮೆ ಎಡವುತ್ತಿದ್ದ, ಪಾಪ.
ಈ ವರ್ಷ ಒಂದೂ ತಪ್ಪಿಲ್ಲ.
ಸ್ವಲ್ಪ ಭಯವಾಯಿತು.

ಪ್ರತಿ ಸಲವೂ ಯಂತ್ರ ಕೇಳುತ್ತದೆ: ಖಚಿತವೇ?
ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು
ಇಷ್ಟು ಸಲ ಇದನ್ನು ಕೇಳಿರಲಿಲ್ಲ.
ಮದುವೆಯ ದಿನ ಒಮ್ಮೆ. ಅಷ್ಟೆ.

ಕೊನೆಗೆ ಸ್ಪ್ಯಾಮ್. ಕಣ್ಣು ಮುಚ್ಚಿ ಒತ್ತಿಬಿಡುವುದೇ ಲೋಕರೂಢಿ.
ಆದರೆ ಇದು ಲೆಕ್ಕದವಳ ಬೆರಳು,
ಹರಿದೆಸೆಯುವ ಚೀಟಿಯನ್ನೂ ಒಮ್ಮೆ ಮಗುಚಿ ನೋಡುತ್ತದೆ.
ತೂರಿದ ಹೊಟ್ಟಿನ ನಡುವೆ ಒಂದು ಕಾಳು:
ಕಾಲ್ಯು ಔನಪೂ, ಕೆಳಗಿನ ಮನೆ.
ಒಂಬತ್ತು ವರ್ಷದ ಹಿಂದಿನ ಮಾರ್ಚ್.
ವಿಷಯ: ಗಡಿಯಾರ.

'ರಾತ್ರಿ ನಿಮ್ಮ ಗೋಡೆ ಗಡಿಯಾರ ಹೊಡೆಯುವುದು
ನನ್ನ ಸೂರಿನಲ್ಲಿ ಕೇಳಿಸುತ್ತಿತ್ತು. ಎರಡು ವಾರದಿಂದ ಇಲ್ಲ.
ಕೆಟ್ಟಿದ್ದರೆ, ರಿಪೇರಿ ನನಗೆ ಬರುತ್ತದೆ.
ನೀವು ಚೆನ್ನಾಗಿದ್ದೀರಿ ತಾನೆ?'

ಕೆಟ್ಟಿರಲಿಲ್ಲ.
'ನಿಮ್ಮ ಗಡಿಯಾರ ಚೆನ್ನಾಗಿ ಕೇಳಿಸುತ್ತೆ' ಅಂದಿದ್ದ ಮೆಟ್ಟಿಲಲ್ಲಿ.
ನಮ್ಮೂರಲ್ಲಿ ಅದಕ್ಕೆ ದೂರು ಅಂತಲೇ ಅರ್ಥ.
ಅವತ್ತೇ ಸಂಜೆ ಅದರ ಪುಟ್ಟ ಸುತ್ತಿಗೆಗೆ
ಉಣ್ಣೆಯ ಕಾಲುಚೀಲ ಕಟ್ಟಿದೆ.
ಆಮೇಲೆ ಒಂಬತ್ತು ಚಳಿಗಾಲ
ಎದುರಾದರೆ 'ಜಾರುತ್ತೆ, ಜೋಪಾನ' ಅಂತಷ್ಟೇ ಅವನು.
'ಹೂಂ' ಅಂತಷ್ಟೇ ನಾನು.
ಎಂಥ ಬಿಗುಮಾನದವನು ಅಂದುಕೊಂಡಿದ್ದೆ.
ಅವನೇನು ಅಂದುಕೊಂಡನೋ.

ಉತ್ತರಿಸು ಅನ್ನುವ ಗುಂಡಿ ಇದೆ. ಒತ್ತಿದೆ.
ಮಾನ್ಯರೇ, ಎಂದು ಬರೆದೆ. ಅಳಿಸಿದೆ.
ಕಾಲ್ಯು, ಎಂದು ಬರೆದೆ. ಅದನ್ನೂ.
ಎದ್ದು ಸ್ಟೂಲು ಹತ್ತಿ ಗಡಿಯಾರದ ಬಾಗಿಲು ತೆಗೆದು
ಕಾಲುಚೀಲದ ಗಂಟು ಬಿಚ್ಚಿದೆ.
ಮೂಗಿನ ಮೇಲೆ ಉದುರಿತು ಧೂಳು,
ನಿಜವಾದದ್ದು.

ಏಳಕ್ಕೆ ಇನ್ನೂ ನಾಲ್ಕು ನಿಮಿಷ.
ಚಹಾ ತಣ್ಣಗಾಗಿತ್ತು. ಕುಡಿದೆ.
ಕೆಳಗೆ ಅವನ ರೇಡಿಯೋ ಹವಾಮಾನ ಹೇಳುತ್ತಿತ್ತು.

ಹೊಡೆಯಿತು. ಒಂಬತ್ತು ವರ್ಷ ಬಾಯಿ ಕಟ್ಟಿಸಿಕೊಂಡದ್ದು
ಮೊದಲೆರಡು ಸಲ ಗಂಟಲು ಸರಿಮಾಡಿಕೊಂಡಿತು,
ಉಳಿದೈದು ಕಂಚು.

ರೇಡಿಯೋ ನಿಂತಿತು.

ಅಷ್ಟರಲ್ಲಿ ಪರದೆ ಟಿಣ್ ಅಂದಿತು: ಹೊಸ ಪತ್ರ, ಒಂದು.
ಬೂಟಿನ ಅಂಗಡಿ.
ಅಳಿಸಲಿಲ್ಲ. ಆಮೇಲೆ ನೋಡೋಣ.
ನನ್ನ ಕಿವಿ ನೆಲದ ಮೇಲಿತ್ತು.